ಅಳಿಯನ ಬಯಕೆ

ಹೆಂಡತಿ ಬಸುರಿಯಾದಾಗ ಗಂಡ ವಾಂತಿ ಮಾಡಿಕೊಂಡರೆ ನಮ್ಮ ಕಡೆ ಯಾರೂ ಡಾಕ್ಟರನ್ನು ಹುಡುಕಿಕೊಂಡು ಹೋಗುವುದಿಲ್ಲ. ಅವನಿಗೆ ಹೆಂಡತಿಯ ಮೇಲೆ ಅಷ್ಟು ಪ್ರೀತಿ, ಅವಳ ಸಂಕಟವನ್ನೆಲ್ಲ ತಾನೇ ಎಳೆದುಕೊಂಡಿದ್ದಾನೆ ಎಂದು ಬೀದಿಯವರೆಲ್ಲ ಸಂತೋಷಪಡುತ್ತಾರೆ. ಹಾಗಾಗಿ ಸೊಂಗ್‌ಕ್ರಾನ್ ಹೊಸವರ್ಷದ ಹಬ್ಬದ ನೀರಾಟ ಮುಗಿದ ಮರುವಾರ ದೇಚಾ ಹಿತ್ತಲಿನ ನೀರಿನ ಗುಡಾಣದ ಪಕ್ಕ ಕುಕ್ಕರಗಾಲಲ್ಲಿ ಕೂತು ಕರುಳು ಕಿತ್ತು ಬರುವಂತೆ ಓಕರಿಸಿದಾಗ, ಅವನ ಅತ್ತೆ ಖಾಂಪುನ್ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ನೋಡಿ ಮುಖವನ್ನು ಊರಗಲ ಮಾಡಿಕೊಂಡಳು.

"ಓರಥಾಯ್! ಏಯ್ ಓರಥಾಯ್! ಮುಟ್ಟು ನಿಂತು ಎಷ್ಟು ದಿನ ಆಯ್ತೇ?"

ಮಗಳು ಜಗಲಿಯ ಮೇಲೆ ಕೂತು ಮಾವಿನಕಾಯಿಯನ್ನು ಉಪ್ಪುಖಾರಕ್ಕೆ ಅದ್ದಿ ಅದ್ದಿ ತಿನ್ನುತ್ತಿದ್ದಳು. "ಯಾಕಮ್ಮ ಹಿಂಗೆ ಊರಿಗೆಲ್ಲ ಕೇಳೋ ಹಾಗೆ ಕೂಗ್ತೀಯ? ಎರಡು ತಿಂಗ್ಳಾಯ್ತು. ಇವತ್ತೋ ನಾಳೆನೋ ಹೇಳೋಣ ಅಂತಿದ್ದೆ."

"ನೀನೇನ್ ಹೇಳ್ತೀಯ! ನಿನ್ ಗಂಡ ಆಗ್ಲೇ ಹೇಳ್ತಾ ಇದಾನಲ್ಲ!"

ಆ ಮನೆಯವರು ತಲೆತಲಾಂತರದಿಂದ ಅಕ್ಕಿ ಶಾವಿಗೆ ಒತ್ತುವವರು. ನೆನೆಸಿ ಹುಳಿ ಬರಿಸಿದ ಅಕ್ಕಿಯನ್ನು ರುಬ್ಬಿ, ಬಟ್ಟೆಯಲ್ಲಿ ಕಟ್ಟಿ, ಕಲ್ಲು ಹೇರಿ ನೀರಿಳಿಸಿ, ಬೇಯಿಸಿ, ಕುಟ್ಟಿ, ನಾದಿ, ಕುದಿಯುವ ಕೊಪ್ಪರಿಗೆಗೆ ಒತ್ತುವ ಕೆಲಸ. ಯಸೋಥೋನ್ ಪೇಟೆಯ ಬೆಳಗಿನ ಸಂತೆಯಲ್ಲಿ ಖಾಂಪುನ್‌ಳ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತಿತ್ತು. ದೇಚಾ ನಮ್ಮ ಪದ್ಧತಿಯಂತೆ ಹೆಂಡತಿಯ ಮನೆಗೆ ಬಂದು ಸೇರಿದ ಅಳಿಯ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಪೊಲೀಸರು ಹುಡುಕಿಕೊಂಡು ಬರುವ ಆ ನಶೆಯ ಹುಚ್ಚು ಮಾತ್ರೆಯ ಹೆಸರೆತ್ತಿದರೆ ಉಗಿಯುತ್ತಾನೆ. ಮದುವೆಯಾಗಿ ವರ್ಷಗಟ್ಟಲೆ ಮಕ್ಕಳಾಗಲಿಲ್ಲ ಎಂಬುದೊಂದೇ ಕೊರಗು. ಅದೂ ಈಗ ತೀರಿತು.

ಗಾಂಜಾ ಸೇದುತ್ತಿದ್ದ, ಅದು ಎಲ್ಲರಿಗೂ ಗೊತ್ತು. ಬೆನ್ನುನೋವಿಗೆ ಅಂತ ಶುರು ಮಾಡಿದ್ದು. ಕಾನೂನು ಸಡಿಲವಾಗಿ ಬಸ್ ನಿಲ್ದಾಣದ ಪಕ್ಕ ಹಸಿರು ಎಲೆಯ ಬೋರ್ಡು ಹಾಕಿದ ಅಂಗಡಿ ತೆರೆದ ಮೇಲೆ ಬೆನ್ನಿಗೂ ಅದೇ, ನಿದ್ದೆಗೂ ಅದೇ, ಬೇಜಾರಿಗೂ ಅದೇ ಆಯಿತು. ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಖಾಂಪುನ್‌ಳ ತಾಯಿ ಥೋಂಗ್ಮಾ ಅಜ್ಜಿಯೇ ಗುಡಾಣದ ಹತ್ತಿರ ಒಂದು ಗಿಡ ಬೆಳೆಸಿದ್ದಳು. ಕೋಳಿ ಸಾರಿಗೆ ಎರಡೆಲೆ ಹಾಕದಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ.

"ಅದೇನ್ ಚಟ? ಸೊಪ್ಪು ಕಣ್ರೋ ಅದು. ನುಗ್ಗೆಸೊಪ್ಪಿನ ಚಟ ಅಂತ ಯಾರಾದ್ರೂ ಅಂತಾರಾ?" ಎನ್ನುತ್ತಿದ್ದಳು.

ಸಂತೆಯಲ್ಲಿ ಖಾಂಪುನ್‌ಳ ಜಂಬ ನೋಡಬೇಕಿತ್ತು. ಶಾವಿಗೆ ಸುರುಳಿಗಳನ್ನು ಬಾಳೆಲೆಗೆ ಹಾಕಿಕೊಡುತ್ತ ಒಬ್ಬೊಬ್ಬರಿಗೂ ಸುದ್ದಿ ಹಂಚುವಳು. "ನನ್ ಮಗಳು ಹಾಯಾಗಿ ತಿಂದ್ಕೊಂಡು ತಿರುಗಾಡ್ತಿದಾಳೆ. ಅಳಿಯ ಮಾತ್ರ ಪಾಪ, ಬೆಳಗಾದ್ರೆ ಗುಡಾಣದ ಹತ್ರ."

"ನಮ್ಮನೆಯೋರು ನಾನ್ ಹೆರೋವಾಗ ಗೊರಕೆ ಹೊಡೀತಿದ್ರು," ಎಂದಳು ಪಕ್ಕದಲ್ಲಿ ಮೀನು ಮಾರುವ ಪ್ರಾನೀ. "ನಿನ್ನ ಅಳಿಯನ್ನ ಒಂದಿನ ನಮ್ಮನೆಗೆ ಕಳ್ಸು, ನಮ್ಮೋರು ನೋಡಿ ಕಲೀಲಿ."

ಸಂತೆಗೆ ಬಂದಿದ್ದ ಬೀದಿಯ ಹೆಂಗಸರು ನಾವೆಲ್ಲ ನಕ್ಕೆವು. ಯಾರ ನಗುವಿನಲ್ಲೂ ಕುಹಕ ಇರಲಿಲ್ಲ. ಅಂಥ ಗಂಡ ಸಿಕ್ಕಿದ್ದು ಓರಥಾಯ್‌ಳ ಪುಣ್ಯ ಎಂದೇ ಎಲ್ಲರೂ ಅಂದುಕೊಂಡೆವು.

ಮನೆಯಲ್ಲಿ ಮೊದಲು ಗೊಣಗಿದವನು ಮಾವ ಬುನ್‌ಲುವಾಂಗ್. ಅವನ ತಕರಾರು ವಾಂತಿಯ ಬಗ್ಗೆ ಅಲ್ಲ, ಸೌದೆಯ ಬಗ್ಗೆ. ನೆಲ ಕಾದು ನಾಯಿಗಳು ಕಾಲೆತ್ತಿ ನಡೆಯುವ ಆ ಬಿಸಿಲಿನಲ್ಲಿ ಅಳಿಯ ಸ್ನಾನಕ್ಕೆ ಕುದಿಯುವ ನೀರು ಕೇಳುತ್ತಿದ್ದ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಮತ್ತೆ. ಶಾವಿಗೆ ಒಲೆ ಆರುವ ಮೊದಲೇ ಅದರ ಮೇಲೆ ಇನ್ನೊಂದು ಹಂಡೆ.

"ಏನಪ್ಪ, ಕೋಳಿ ಪುಕ್ಕ ಕೀಳೋಕ್ ಬೇಕಾದಷ್ಟು ಬಿಸಿ ಮಾಡ್ಕೊಂಡಿದೀಯ," ಎಂದ ಬುನ್‌ಲುವಾಂಗ್. "ನಾವೆಲ್ಲ ಗುಡಾಣದ ತಣ್ಣೀರು ಸುರ್ಕೊಂಡ್ರೂ ಬೆವರ್ತಿದೀವಿ."

"ಮೈಮೇಲೆ ಬಿಸಿನೀರು ಬಿದ್ದಾಗ ಹೊಟ್ಟೆ ಸುಮ್ನಾಗತ್ತೆ ಮಾವ. ಅದು ಬಿಟ್ರೆ ಇನ್ಯಾವಾಗ್ಲೂ ಇಲ್ಲ."

"ಬಿಡಿ ಅತ್ಲಾಗೆ," ಎಂದಳು ಖಾಂಪುನ್ ಒಳಗಿನಿಂದ. "ಬಸುರಿ ಆಸೆ ತೀರಿಸ್ಬೇಕು. ಕೆಲವರು ಸುಟ್ಟ ಮಣ್ಣು ತಿಂತಾರೆ, ಇವನು ಬಿಸಿನೀರು ಕೇಳ್ತಾನೆ."

"ಬಸುರಿ ಅವಳು ಕಣೇ!"

"ಈಗ ಇಬ್ರೂ."

ಥೋಂಗ್ಮಾ ಅಜ್ಜಿ ತನ್ನ ಪಾಲಿನ ಸೇವೆಗೆ ನಿಂತಳು. ಓಕರಿಕೆ ನಿಲ್ಲಲಿ ಎಂದು ದಿನ ಬಿಟ್ಟು ದಿನ ಕೋಳಿ ಸಾರು ಕಾಯಿಸಿ, ಎರಡೆಲೆಯ ಜಾಗದಲ್ಲಿ ಒಂದು ಹಿಡಿ ಹಾಕಿ, ಬಟ್ಟಲು ತುಂಬಿ ಅವನ ಮುಂದೆ ಇಡುತ್ತಿದ್ದಳು. ಅವನು ಕುಡಿದು, ಹಿತ್ತಲ ಕೊಟ್ಟಿಗೆಯ ಹಿಂದೆ ಹೋಗಿ ಸೇದಿ ಬಂದು, ಮತ್ತೆ ಗುಡಾಣದ ಪಕ್ಕ ಕೂರುತ್ತಿದ್ದ. ಎಲ್ಲರೂ ಪ್ರೀತಿಯಿಂದಲೇ ಅವನನ್ನು ಕೆಡಿಸುತ್ತಿದ್ದರು.

ಮಳೆ ಬಂತು, ಗದ್ದೆಗಳು ಹಸಿರಾದವು, ಓರಥಾಯ್‌ಳ ಹೊಟ್ಟೆ ಕಾಣುವಷ್ಟು ಬೆಳೆಯಿತು. ದೇಚಾನ ಹೊಟ್ಟೆ ಮಾತ್ರ ಬೆನ್ನಿಗಂಟಿತು. ಕೆನ್ನೆಯ ಮೂಳೆ ಎದ್ದು, ಷರಟು ಗೂಟಕ್ಕೆ ಹಾಕಿದ ಹಾಗೆ ಜೋತಾಡುತ್ತಿತ್ತು. ಹಿಟ್ಟು ಕುಟ್ಟುವಾಗ ನಡುವೆ ನಿಲ್ಲಿಸಿ ಕೊಟ್ಟಿಗೆಯ ಕಡೆ ಹೋಗುವನು. ಹೋದವನು ಬರುವಷ್ಟರಲ್ಲಿ ಹಿಟ್ಟು ಗಂಟಾಗಿರುತ್ತಿತ್ತು. ಶಾವಿಗೆ ತುಂಡು ತುಂಡಾಗುತ್ತಿದೆ ಎಂದು ಗಿರಾಕಿಗಳು ಮುಖ ಸಿಂಡರಿಸಿದರು.

ಒಂದು ದಿನ ಬಸ್ ನಿಲ್ದಾಣದ ಅಂಗಡಿಗೆ ಬೀಗ ಬಿದ್ದಿತ್ತು. ಅದರ ಮಾಲೀಕ ಯಾವುದೋ ನೆಂಟರ ಮದುವೆಗೆ ಹೋಗಿದ್ದ. ದೇಚಾ ಮನೆಯಲ್ಲಿ ಯಾರಿಗೂ ಹೇಳದೆ, ಸುರಿಯುವ ಮಳೆಯಲ್ಲಿ ಪಕ್ಕದ ಪೇಟೆಯವರೆಗೆ ಬೈಕು ಹೊಡೆದುಕೊಂಡು ಹೋದ. ಹೆಂಡತಿಯ ಅಪ್ಪ ಗದ್ದೆಯಲ್ಲಿ, ಅಮ್ಮ ಸಂತೆಯಲ್ಲಿ. ಹಿಟ್ಟಿನ ಮೂಟೆಯ ಮೇಲಿನ ಕಲ್ಲನ್ನು ಇಳಿಸುವವರಿಲ್ಲದೆ ಓರಥಾಯ್ ತಾನೇ ಎತ್ತಿದಳು. ಕಿಬ್ಬೊಟ್ಟೆಯಲ್ಲಿ ಚಳಕು ಹೊಡೆದು ಅಲ್ಲೇ ಕುಸಿದಳು. ಅಜ್ಜಿ ಕೂಗಿದ್ದು ಕೇಳಿ ನಾವು ನಾಲ್ಕು ಹೆಂಗಸರು ಓಡಿದೆವು. ದೇವರ ದಯೆ, ರಕ್ತ ಕಾಣಲಿಲ್ಲ. ಸಂಜೆಯ ಹೊತ್ತಿಗೆ ನೋವೂ ಇಳಿಯಿತು.

ದೇಚಾ ತೊಯ್ದು ತೊಪ್ಪೆಯಾಗಿ ಬಂದಾಗ ಮನೆಯವರೆಲ್ಲ ಊಟದ ಚಾಪೆಯ ಸುತ್ತ ಕೂತಿದ್ದರು. ಅಂಟಕ್ಕಿ ಅನ್ನದ ಬುಟ್ಟಿಯ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ.

"ಎಲ್ಲಿಗ್ ಹೋಗಿದ್ದೆ?" ಎಂದಳು ಓರಥಾಯ್.

"ಔಷಧಿ ತರೋಕೆ. ಹೊಟ್ಟೆ ತಡೀಲಿಲ್ಲ."

"ಅದನ್ನ ಸೇದಿದ್ರೆ ವಾಂತಿ ನಿಲ್ಲತ್ತಾ?"

"ಅದೊಂದ್ರಿಂದ್ಲೇ ನಿಲ್ಲೋದು."

"ನಿಂತಿದ್ದನ್ನ ನಾನಂತೂ ನೋಡಿಲ್ಲಪ್ಪ."

"ಹೋಗ್ಲಿ ಬಿಡೇ," ಎಂದಳು ಖಾಂಪುನ್. "ನಿನ್ ಸಂಕಟ ತಾನ್ ಹೊತ್ಕೊಂಡು ಒದ್ದಾಡ್ತಿದಾನೆ. ಅವನ ಮೇಲೆ..."

"ಅಮ್ಮ, ಸಾಕು ನಿಲ್ಸು! ಮಾವಿನಕಾಯಿ ತಿನ್ನೋ ಆಸೆ ಹೋಗಿ ನನಗೆ ಎರಡು ತಿಂಗ್ಳಾಯ್ತು. ನನ್ ಬಯಕೆ ಮುಗೀತು. ಈಗ ಇವನು ಪಡ್ತಿರೋದು ಯಾರ ಬಯಕೆ?"

ದೇಚಾ ಬಟ್ಟೆ ಹಿಂಡುತ್ತ ಬಾಗಿಲಲ್ಲೇ ನಿಂತಿದ್ದ. "ನಾಳಿದ್ದು ನನ್ನ ಆಸ್ಪತ್ರೆ ದಿನ," ಎಂದಳು ಓರಥಾಯ್. "ನೀನೂ ಬರ್ತೀಯ. ಬರಲ್ಲ ಅಂದ್ರೆ ಈ ಮನೆಗೆ ನೀನೂ ಬೇಡ, ನಿನ್ನ ಬಿಸಿನೀರೂ ಬೇಡ."

ಆಸ್ಪತ್ರೆಗೆ ಖಾಂಪುನ್ ಕೂಡ ಹೋದಳು. ಬಸುರಿಯರನ್ನು ನೋಡುವ ನರ್ಸ್ ರಚ್ಚನೀ ಹೊಟ್ಟೆಗೆ ಯಂತ್ರ ಹಚ್ಚಿ ಮಗುವಿನ ಎದೆಬಡಿತ ಕೇಳಿಸಿದಳು. ಕುದುರೆ ಓಡಿದ ಹಾಗೆ ಟಕಟಕ ಸದ್ದು. ದೇಚಾನ ಬತ್ತಿದ ಮುಖದಲ್ಲಿ ಒಂದು ನಗು ಮೂಡಿತು. ಮೂಡಿದ ಮರುಕ್ಷಣವೇ ಬಾಯಿಗೆ ಕೈ ಇಟ್ಟುಕೊಂಡು ಮೂಲೆಯ ಕಸದ ಡಬ್ಬಿಗೆ ಓಡಿದ.

ಖಾಂಪುನ್ ನರ್ಸಿನ ಕಡೆ ಬಾಗಿ ಹೆಮ್ಮೆಯಿಂದಲೇ ಹೇಳಿದಳು: "ಹೆಂಡತಿ ಬಯಕೆ ಇವನಿಗೆ ಬಂದಿದೆ ಅಮ್ಮ. ಸೊಂಗ್‌ಕ್ರಾನ್ ಕಳೆದಾಗಿಂದ ಹೀಗೇ."

ನರ್ಸು ನಕ್ಕಳು. "ನಮ್ಮನೆಯವ್ರಿಗೂ ಬಂದಿತ್ತು, ಹದಿನೈದು ದಿನ. ಆಮೇಲೆ ನನ್ನ ಪಾಲಿನ ಊಟಾನೂ ಅವರೇ ತಿಂದ್ರು." ನಗುತ್ತ ನಗುತ್ತಲೇ ದೇಚಾನ ಕೊರಳ ಮೂಳೆ ನೋಡಿದಳು. ನಗು ನಿಂತಿತು. "ಒಂದ್ ಮಾತು ಹೇಳಿ. ಬಿಸಿಬಿಸಿ ನೀರು ಸುರ್ಕೊಂಡ್ರೆ ನಿಮಗೆ ಆರಾಮ ಅನ್ಸತ್ತಾ?"

ಮೂವರೂ ಬಾಯಿಬಿಟ್ಟುಕೊಂಡು ಅವಳನ್ನೇ ನೋಡಿದರು.

"ಅಯ್ಯೋ, ನಿಮಗೆ ಯಾರ್ ಹೇಳಿದ್ರು?" ಎಂದಳು ಖಾಂಪುನ್. "ಮನೆ ಸೌದೆ ಎಲ್ಲಾ ಇವನ ಸ್ನಾನಕ್ಕೇ ಹೋಯ್ತು!"

"ಗಾಂಜಾ ಎಷ್ಟು ವರ್ಷದಿಂದ ಸೇದ್ತಿದೀರಿ?" ಎಂದಳು ನರ್ಸು ದೇಚಾನಿಗೆ, ಊಟ ಆಯಿತೇ ಎಂದು ಕೇಳುವ ಧ್ವನಿಯಲ್ಲಿ.

"ಅದು ಔಷಧಿಗೆ... ಯಾವಾಗ್ಲೋ ಒಂದೊಂದ್ಸಲ. ನಾನೇನು ಚಟದವನಲ್ಲ."

ಓರಥಾಯ್ ಬಾಯಿ ತೆರೆದಳು. ನರ್ಸು ಅವಳ ಕೈ ಮೇಲೆ ಕೈ ಇಟ್ಟು ತಡೆದಳು. "ಅವರೇ ಹೇಳ್ಲಿ. ಎದ್ದ ಕೂಡ್ಲೇ ಬೇಕು ಅನ್ಸತ್ತಾ? ಕಮ್ಮಿ ಮಾಡ್ಬೇಕು ಅಂದ್ಕೊಂಡು ಮಾಡಕ್ಕಾಗ್ದೇ ಇದ್ದಿದ್ದು ಉಂಟಾ? ಅದಕ್ಕೋಸ್ಕರ ಕೆಲಸಾನೋ ಮನೆಯವರನ್ನೋ ಬಿಟ್ಟು ಹೋಗಿದ್ದು ಉಂಟಾ?"

ದೇಚಾ ಕಸದ ಡಬ್ಬಿಯನ್ನು ಪಕ್ಕಕ್ಕಿಟ್ಟ. "ಮೊನ್ನೆ ಹೋಗಿದ್ದೆ," ಎಂದ. "ಮಳೇಲಿ." ಬಾಯಿ ಒರೆಸಿಕೊಂಡು, "ಉಳಿದಿದ್ದೂ ಹೌದು," ಎಂದ.

ಡಾಕ್ಟರು ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ರಕ್ತ, ಹೊಟ್ಟೆ ಎಲ್ಲ ಪರೀಕ್ಷೆ ಮಾಡಿಸಿದರು. ಆಮೇಲೆ ವಿಷಯ ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನವೂ ಗಾಂಜಾ ಸೇದುವ ಕೆಲವರಿಗೆ ಹೀಗೆ ವಾಂತಿ ಹತ್ತುತ್ತದೆ, ಬಿಸಿನೀರಿನಿಂದ ಮಾತ್ರ ತಾತ್ಕಾಲಿಕ ಶಮನ, ವಾಂತಿಗೆಂದು ಮತ್ತೆ ಸೇದಿದಷ್ಟೂ ಹೆಚ್ಚುತ್ತದೆ, ಪೂರ್ತಿ ಬಿಡುವುದೇ ಮದ್ದು. ಬಿಡುವುದು ಒಬ್ಬನೇ ಮಾಡುವ ಕೆಲಸವಲ್ಲ, ಆಸ್ಪತ್ರೆಯ ಹಿಂಭಾಗದಲ್ಲಿ ಅದಕ್ಕೆಂದೇ ಒಂದು ವಿಭಾಗ ಇದೆ, ವಾರಕ್ಕೊಮ್ಮೆ ಬರಬೇಕು, ಮನೆಯವರೂ ಬರಬೇಕು ಎಂದರು.

ವಾಪಸು ಬರುವಾಗ ಬಾಡಿಗೆ ಪಿಕಪ್ ಗಾಡಿಯ ಬೆಂಚಿನಲ್ಲಿ ಮೂವರೂ ಸಾಲಾಗಿ ಕೂತಿದ್ದರು. ಖಾಂಪುನ್‌ಳ ಕೋಪಕ್ಕೆ ತಳಬುಡ ಇರಲಿಲ್ಲ. "ಇಡೀ ಸಂತೆಗೆ ಡಂಗುರ ಹೊಡೆದೆನಲ್ಲ! ಹೆಂಡತಿ ಮೇಲೆ ಪ್ರಾಣ ಇಟ್ಕೊಂಡಿದಾನೆ ಅಂತ! ಈಗ ಯಾವ ಮುಖ ಇಟ್ಕೊಂಡು ಬುಟ್ಟಿ ಬಿಚ್ಲಿ?"

"ನಾನೂ ಅದನ್ನೇ ನಂಬಿದ್ದೆ ಅತ್ತೆ," ಎಂದ ದೇಚಾ. "ಎಲ್ರೂ ಪ್ರೀತಿ ಪ್ರೀತಿ ಅಂದ್ರಲ್ಲ, ಇರಬಹುದು ಅಂದ್ಕೊಂಡೆ. ಬಗ್ಗಿ ವಾಂತಿ ಮಾಡೋವಾಗ್ಲೂ ಖುಷಿ ಆಗ್ತಿತ್ತು ನನಗೆ. ಓರಥಾಯ್‌ಗೋಸ್ಕರ ಏನೋ ಮಾಡ್ತಿದೀನಿ ಅಂತ."

ಓರಥಾಯ್ ಗಂಡನ ಕಡೆ ತಿರುಗಲಿಲ್ಲ, ಆದರೆ ಅವನ ಒದ್ದೆ ಅಂಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಈ ಮಾತನ್ನು ಖಾಂಪುನ್‌ಳೇ ನನಗೆ ಆಮೇಲೆ ಹೇಳಿದ್ದು. ಹೇಳುವಾಗ ಅತ್ತಳು.

ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು.

"ತಲೆ ಬೋಳಿಸಿ ವಿಹಾರಕ್ಕೆ ಕಳ್ಸೋಣ," ಎಂದ ಬುನ್‌ಲುವಾಂಗ್. "ಮಳೆಗಾಲ ಪೂರ್ತಿ ಕಾವಿ ಉಟ್ರೆ ಯಾವ ಚಟ ಉಳಿಯತ್ತೆ?"

"ನಾನ್ ಇಲ್ಲಿ ಹೊಟ್ಟೆ ಹೊತ್ಕೊಂಡು ಹಿಟ್ಟು ನಾದ್ತೀನಿ, ಗಂಡ ಅಲ್ಲಿ ಸನ್ಯಾಸಿ. ಭಾಳ ಚೆನ್ನಾಗಿದೆ!" ಎಂದಳು ಓರಥಾಯ್.

"ಎಪ್ಪತ್ತು ವರ್ಷದಿಂದ ಆ ಸೊಪ್ಪಿನ ಸಾರು ಕುಡೀತಿದೀನಿ," ಎಂದು ಅಜ್ಜಿ ಎದ್ದು ನಿಂತಳು. "ಒಂದಿನ ಓಕರಿಸಿಲ್ಲ. ಡಾಕ್ಟರಿಗೆ ಏನ್ ಗೊತ್ತು?"

"ಅಜ್ಜಿ, ನೀವ್ ಎರಡೆಲೆ ಹಾಕ್ತೀರ," ಎಂದ ದೇಚಾ. "ನಾನು ಕಣ್ ಬಿಟ್ಟಾಗಿಂದ ಕಣ್ ಮುಚ್ಚೋವರೆಗೂ ಸೇದ್ತೀನಿ. ಕೊಟ್ಟಿಗೆ ಹಿಂದೆ, ಗದ್ದೆ ಬದೂಲಿ, ಸಂತೆ ದಾರೀಲಿ. ನಿಮಗ್ಯಾರಿಗೂ ಗೊತ್ತಿಲ್ಲ ಅಷ್ಟೆ."

ಅಜ್ಜಿ ಕೂತುಬಿಟ್ಟಳು. ಮರುದಿನ ಬೆಳಿಗ್ಗೆ ಗುಡಾಣದ ಪಕ್ಕ ಅಗೆದ ಹಸಿ ಮಣ್ಣು ಮಾತ್ರ ಇತ್ತು. ಗಿಡ ಎಲ್ಲಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಾರಿಗೆ ರುಚಿಯಿಲ್ಲ ಎಂದು ಅವಳು ತಿಂಗಳುಗಟ್ಟಲೆ ಗೊಣಗಿದಳು, ಆದರೆ ಮತ್ತೆ ಗಿಡ ನೆಡಲಿಲ್ಲ.

ಬುನ್‌ಲುವಾಂಗ್ ಹಟ ಬಿಡದೆ ಅಳಿಯನನ್ನು ವಿಹಾರಕ್ಕೆ ಕರೆದುಕೊಂಡು ಹೋದ. ಹಿರಿಯ ಗುರುಗಳು ಎಲ್ಲ ಕೇಳಿ, "ಆಸ್ಪತ್ರೆಯವರು ಏನ್ ಹೇಳಿದಾರೆ?" ಎಂದರು.

"ವಾರ ವಾರ ಬಾ ಅಂದಿದಾರೆ ಸ್ವಾಮಿ."

"ಮತ್ತೆ ಇಲ್ಲಿಗ್ಯಾಕ್ ಬಂದ್ರಿ? ಅಲ್ಲಿಗ್ ಹೋಗಿ. ಗುಣ ಆದ್ಮೇಲೆ ಬಂದು ನನಗೆ ಶಾವಿಗೆ ಕೊಡಿ."

ಬಿಟ್ಟ ಮೊದಲ ದಿನಗಳು ಆ ಮನೆಗೆ ಕಷ್ಟದವು. ದೇಚಾನಿಗೆ ನಿದ್ದೆಯಿಲ್ಲ, ಮೈಯೆಲ್ಲ ಬೆವರು, ಮಾತೆತ್ತಿದರೆ ಸಿಡುಕು. ಒಂದು ಮಧ್ಯಾಹ್ನ ಪರಂಗಿಕಾಯಿ ಕುಟ್ಟಿ ಮಾಡಿದ ಕೋಸಂಬರಿಯಲ್ಲಿ ಖಾರ ಹೆಚ್ಚಾಯಿತೆಂದು ತಟ್ಟೆಯನ್ನೇ ಅಂಗಳಕ್ಕೆ ಎಸೆದ. ಓರಥಾಯ್ ಎತ್ತಿಡಲಿಲ್ಲ. "ನೀನೇ ಎಸೆದಿದ್ದು, ನೀನೇ ಬಳಿ," ಎಂದಳು. ಅರ್ಧ ಗಂಟೆ ಕಳೆದ ಮೇಲೆ ಅವನೇ ಬಳಿದ. ಬಿಟ್ಟ ಕೂಡಲೇ ವಾಂತಿಯೂ ನಿಲ್ಲಲಿಲ್ಲ. ಹೊಟ್ಟೆ ಹಿಂಡಿದಾಗಲೆಲ್ಲ ಹಿತ್ತಲಲ್ಲಿ ಹಂಡೆ ಏರುತ್ತಿತ್ತು. ಈಗ ಸೌದೆ ಒಡೆದು ಉರಿ ಹಾಕುತ್ತಿದ್ದವನು ಬುನ್‌ಲುವಾಂಗ್.

"ಸಾಕಾ, ಇನ್ನೂ ಬಿಸಿ ಬೇಕಾ? ಬಾಯ್ಬಿಟ್ಟು ಹೇಳೋ ಮಾರಾಯ," ಎನ್ನುತ್ತ ಬಾಗಿಲ ಹೊರಗೆ ಕಾಯುತ್ತಿದ್ದ.

ಮೂರ್ನಾಲ್ಕು ವಾರ ಚೆನ್ನಾಗಿ ಕಳೆದ ಮೇಲೆ ಒಂದು ಸಂಜೆ ಹಳೆಯ ಗೆಳೆಯನ ಮನೆಯ ಊಟಕ್ಕೆ ಹೋಗಿ ಸೇದಿ ಬಂದ. ಎರಡೇ ದಿನದಲ್ಲಿ ಮತ್ತೆ ಗುಡಾಣದ ಪಕ್ಕ ಕೂತಿದ್ದ. ಓರಥಾಯ್ ಬಾಗಿಲಿಗೆ ಬಂದು ನೋಡಿದಳು. ಅವನೇ ಹೇಳಿದ.

"ಒಂದೇ ಒಂದು ಅಂತ ಸೇದಿದೆ. ನಾಲ್ಕಾಯ್ತು."

ಅವಳು ಕೈಯಲ್ಲಿದ್ದ ಸೌಟನ್ನು ಗೋಡೆಗೆ ಎಸೆದಳು, ಅತ್ತಳು, ಆಮೇಲೆ ಮೂಗೊರೆಸಿಕೊಂಡು ಕೇಳಿದಳು: "ನಾಳೆ ಆಸ್ಪತ್ರೆ. ಅಲ್ಲಿ ನೀನ್ ಹೇಳ್ತೀಯೋ, ನಾನ್ ಹೇಳ್ಲೋ?"

"ನಾನೇ ಹೇಳ್ತೀನಿ."

ಬೈಯುತ್ತಾರೆಂದು ಇಬ್ಬರೂ ತಲೆತಗ್ಗಿಸಿಕೊಂಡು ಹೋದರೆ ಅಲ್ಲಿ ಯಾರೂ ಬೈಯಲಿಲ್ಲ. ಅಂದು ಏನು ತಿಂದಿದ್ದೆ, ಹಿಂದಿನ ದಿನ ನಿದ್ದೆ ಬಂದಿತ್ತೇ, ಯಾರು ಕೈಗೆ ಕೊಟ್ಟರು ಎಂದೆಲ್ಲ ಕೇಳಿದರು. ಸಂಜೆ ಹೊತ್ತು ಖಾಲಿ ಕೂರಬೇಡ, ಆ ಮನೆಯ ದಾರಿ ಸ್ವಲ್ಪ ಕಾಲ ಬೇಡ ಎಂದರು. ಚಟ ಬಿಡಲು ಬಂದು ಸುತ್ತ ಕೂತವರಲ್ಲಿ ಒಬ್ಬ ಶಾಲೆಯ ಮೇಷ್ಟ್ರಿದ್ದರು, ಒಬ್ಬ ಟ್ರ್ಯಾಕ್ಟರ್ ಓಡಿಸುವವನಿದ್ದ. ಇಬ್ಬರೂ ತಾವು ಜಾರಿ ಬಿದ್ದ ಕಥೆ ಹೇಳಿದರು. ಅಂದಿನಿಂದ ಸಂಜೆ ಅಕ್ಕಿ ತೊಳೆದು ನೆನೆಹಾಕುವ ಕೆಲಸ ದೇಚಾನದಾಯಿತು. ಅತ್ತೆ ಅಳಿಯ ಇಬ್ಬರೂ ಒಟ್ಟಿಗೆ ಕೂತು ಕಲ್ಲು ಆರಿಸುವುದನ್ನು ನಾವು ಬೀದಿಯಿಂದ ನೋಡುತ್ತಿದ್ದೆವು.

ಮಳೆ ಕಡಿಮೆಯಾಗುವ ಹೊತ್ತಿಗೆ ಅವನಿಗೆ ಹಸಿವು ಬಂತು. ಒಂದು ಬೆಳಿಗ್ಗೆ ಒಲೆಯ ಪಕ್ಕವೇ ಕೂತು ಮೀನಿನ ಸಾರು ಹುಯ್ದುಕೊಂಡು ಶಾವಿಗೆ ಸುರುಳಿಗಳನ್ನು ಒಂದರ ಮೇಲೊಂದು ಇಳಿಸಿದ.

"ಏಯ್, ಸಂತೆಗ್ ಇಟ್ಟಿದ್ದನ್ನೂ ಬಿಡಲ್ವೇನೋ?" ಎಂದು ಖಾಂಪುನ್ ಗದರಿದಳು. ಗದರುತ್ತಲೇ ಇನ್ನೆರಡು ಸುರುಳಿ ಹಾಕಿದಳು. ಅವನು ಅದನ್ನೂ ತಿಂದ. ಅದು ಹೊಟ್ಟೆಯಲ್ಲೇ ಉಳಿಯಿತು. ಖಾಂಪುನ್ ಬುಟ್ಟಿ ಹಿಡಿದು ಹೊರಟವಳು ಬಾಗಿಲಲ್ಲೇ ನಿಂತು, ಬುದ್ಧನ ಪಟದ ಕಡೆ ಕೈ ಮುಗಿದಳು. ಆಮೇಲೆ ಆಸ್ಪತ್ರೆ ಇರುವ ದಿಕ್ಕಿಗೂ ಮುಗಿದಳು. ಹಾಗೆ ಮುಗಿದದ್ದನ್ನು ನಾನೇ ಕಂಡೆ.

ಚಳಿ ಶುರುವಾದಾಗ ಹೆಣ್ಣು ಮಗು ಹುಟ್ಟಿತು. ಹೆರಿಗೆಯ ಹೊತ್ತಿಗೆ ದೇಚಾ ಓರಥಾಯ್‌ಳ ಕೈ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಪಕ್ಕದಲ್ಲೇ ಇದ್ದ. ಮಗುವನ್ನು ಮೊದಲು ಅವನ ತೋಳಿಗೆ ಕೊಟ್ಟವಳು ನರ್ಸ್ ರಚ್ಚನೀ. ಅವನು ಮಗುವನ್ನು ಎದೆಗೊತ್ತಿಕೊಂಡೇ ಅವಳ ಮುಂದೆ ತಲೆ ಬಾಗಿಸಿದನಂತೆ. ಆ ಹೆಂಗಸಿಗೆ ನಮ್ಮ ಬೀದಿ ಎಂದೆಂದಿಗೂ ಋಣಿ, ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಇಷ್ಟೆಲ್ಲ ಆದರೂ ಸಂತೆಯಲ್ಲಿ ಖಾಂಪುನ್ ಬಾಯಿ ಬಿಟ್ಟಿರಲಿಲ್ಲ. ಯಾರಾದರೂ ಅಳಿಯನ ಬಗ್ಗೆ ಕೇಳಿದರೆ "ಈಗ ಪರವಾಗಿಲ್ಲ" ಎಂದು ಮಾತು ತೇಲಿಸುತ್ತಿದ್ದಳು. ಮಗಳ ಬಾಣಂತನ ಮುಗಿಸಿ ಮತ್ತೆ ಬುಟ್ಟಿ ಇಟ್ಟ ಮೊದಲ ಬೆಳಿಗ್ಗೆ ದೇಚಾನೇ ಬೈಕಿನಲ್ಲಿ ಅವಳನ್ನು ಬಿಟ್ಟುಹೋದ. ಅವನ ಕೆನ್ನೆ ತುಂಬಿತ್ತು, ಹೊಟ್ಟೆಯೂ ಸ್ವಲ್ಪ ಮುಂದೆ ಬಂದಿತ್ತು.

"ಏನೇ ಖಾಂಪುನ್," ಎಂದು ತರಕಾರಿಯವಳು ಶುರು ಮಾಡಿದಳು, "ನಿನ್ನ ಅಳಿಯ ಹಿಂಗ್ ಊದಿಬಿಟ್ಟಿದಾನೆ! ಎರಡನೇದಕ್ಕೂ ವಾಂತಿ ಮಾಡ್ತಾನೋ, ಇಲ್ಲ ಹೆಂಡತಿ ಮೇಲೆ ಪ್ರೀತಿ ಕಮ್ಮಿ ಆಯ್ತೋ?"

ಸುತ್ತಲಿನವರೆಲ್ಲ ನಕ್ಕರು. ಖಾಂಪುನ್ ಬಾಳೆಲೆ ಒರೆಸುತ್ತಿದ್ದಳು. ಒರೆಸಿದ ಎಲೆಯನ್ನೇ ಮತ್ತೆ ಒರೆಸಿದಳು. ಆಮೇಲೆ ತಲೆಯೆತ್ತಿ, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು.

"ಅದು ಬಯಕೆ ಆಗಿರ್ಲಿಲ್ಲ ಕಣ್ರೇ. ಗಾಂಜಾ. ಸೇದಿ ಸೇದಿ ಹತ್ತಿದ ವಾಂತಿ. ಕುದಿಯೋ ನೀರು ಸುರ್ಕೊಂಡ್ರೆ ಮಾತ್ರ ತಡೀತಿತ್ತು. ನಾನು ದಡ್ಡಿ, ಪ್ರೀತಿ ಅಂತ ಸಾರಿದೆ." ಅವಳು ಬಾಳೆಲೆಯನ್ನು ಕೆಳಗಿಟ್ಟಳು. "ಪ್ರೀತಿಗೆ ಅವನು ವಾಂತಿ ಮಾಡ್ಲಿಲ್ಲ. ಪ್ರೀತಿಗೆ ವಾಂತಿ ನಿಲ್ಸಿದ."

ತರಕಾರಿಯವಳು ಎದ್ದು ಬಂದು ಒಂದು ಕಟ್ಟು ಕೊತ್ತಂಬರಿಯನ್ನು ಖಾಂಪುನ್‌ಳ ಬುಟ್ಟಿಯ ಮೇಲಿಟ್ಟು ಹೋದಳು. ಗಿರಾಕಿಗಳು ಬಂದರು, ಶಾವಿಗೆ ಎಂದಿನಂತೆ ಮಾರತೊಡಗಿತು. ಜನ ಸ್ವಲ್ಪ ಚದುರಿದ ಮೇಲೆ ಮೀನು ಮಾರುವ ಪ್ರಾನೀ ಕೈ ತೊಳೆದುಕೊಂಡು ಹತ್ತಿರ ಸರಿದಳು.

"ಬಿಸಿನೀರು ಅಂದ್ಯಲ್ಲ ಖಾಂಪುನ್," ಎಂದಳು ಮೆಲ್ಲಗೆ. "ನನ್ ಮಗಳೂ ತಿಂದಿದ್ದೆಲ್ಲ ಕಾರ್ತಾಳೆ, ಸ್ನಾನದ ಮನೆ ಬಿಟ್ಟು ಬರ್ತಾನೇ ಇಲ್ಲ. ಮೈಯೆಲ್ಲ ಬೊಬ್ಬೆ ಬಂದಿದೆ. ನಾನ್ ಅವಳಿಗೆ ಯಾರೋ ಮಾಟ ಮಾಡಿಸಿದಾರೆ ಅಂತ..."

ಖಾಂಪುನ್‌ಳ ಬುಟ್ಟಿಯಲ್ಲಿ ಇನ್ನೂ ಅರ್ಧ ಶಾವಿಗೆ ಇತ್ತು. ಅವಳು ಅದರ ಮೇಲೆ ಬಟ್ಟೆ ಎಳೆದು, ಎದ್ದು ನಿಂತು, ಪ್ರಾನೀಯ ಒದ್ದೆ ಕೈ ಹಿಡಿದುಕೊಂಡಳು.

"ನಡಿ, ನಿನ್ ಮನೆಗ್ ಹೋಗೋಣ. ಮಗಳನ್ನ ಕರ್ಕೋ. ಆಸ್ಪತ್ರೇಲಿ ಯಾವ ಬಾಗಿಲು ಅಂತ ನಾನ್ ತೋರಿಸ್ತೀನಿ."